ಬೇವು ಹೂಬಿಡುವ ಕಾಲ: ಮಧುಗಿರಿ ಸೀಮೆಯ ವಸಂತಾಚರಣೆಯೂ ಅದರ ಅಧ್ಯಯನವೂ

ನಮ್ಮ ಕಾವ್ಯಗಳಲ್ಲಿ ವಸಂತವೆಂದರೆ ಮಾಮರ, ಮಲ್ಲಿಗೆ, ಕೋಗಿಲೆ, ತಂಗಾಳಿ. ಪಂಪನ ಬನವಾಸಿಗೆ ಅದು ಒಪ್ಪುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ವಸಂತ ಬರುವುದು ಕೆರೆಯಂಗಳ ಬಿರುಕು ಬಿಟ್ಟ ಮೇಲೆ. ಹೊಲದಲ್ಲಿ ಹಸಿರಿನ ಎಳೆಯೂ ಇಲ್ಲದ ಹೊತ್ತಿನಲ್ಲಿ ಬದುವಿನ ಹೊಂಗೆ ಚಿಗುರುತ್ತದೆ, ಬೇವು ಹೂಬಿಡುತ್ತದೆ, ಗುಡ್ಡದ ಓರೆಯಲ್ಲಿ ಮುತ್ತುಗ ಕೆಂಪಾಗುತ್ತದೆ. ಮಳೆಗೆ ಕಾಯದೆ ಚಿಗುರುವ ಮರಗಳೇ ಇಲ್ಲಿ ಋತು ಬದಲಾದದ್ದಕ್ಕೆ ಸಾಕ್ಷಿ. ಆದ್ದರಿಂದಲೇ ಇಲ್ಲಿನ ವಸಂತದ ಹಬ್ಬಗಳಲ್ಲಿ ಹೂವಿಗಿಂತ ಬೇವಿನ ಸೊಪ್ಪು ಹೆಚ್ಚು. ಬೆಂಕಿ, ದನಕರು, ಮಾರಮ್ಮ, ನೇಗಿಲು, ಮಳೆಯ ಲೆಕ್ಕ ಇವೇ ಈ ಹಬ್ಬಗಳ ಒಡಲು.

ಈ ಆಚರಣೆಗಳನ್ನು ಯಾರು, ಯಾವ ಕಾಲದಲ್ಲಿ, ಯಾವ ಕಣ್ಣಿನಿಂದ ನೋಡಿ ಬರೆದಿಟ್ಟರು ಎಂಬುದನ್ನು ಒಮ್ಮೆ ಕ್ರಮವಾಗಿ ನೋಡಬೇಕಾಗಿದೆ. ಯುರೋಪಿನಲ್ಲಿ ಕೆಲ್ಟಿಕ್ ಜನರ ವಸಂತದ ಹಬ್ಬಗಳು ನೆಲದ ಮೇಲೆ ಬಹುಮಟ್ಟಿಗೆ ಕ್ಷೀಣಿಸಿ, ಕಾಗದದಲ್ಲಿ ಉಳಿದು, ಇಪ್ಪತ್ತನೆಯ ಶತಮಾನದಲ್ಲಿ ಪ್ರಕೃತಿಪೂಜೆಯ ಹೊಸ ಪಂಥವಾದ ವಿಕ್ಕಾದವರ ಕೈಯಲ್ಲಿ ಹೊಸ ರೂಪ ಪಡೆದವು. ನಮ್ಮಲ್ಲಿ ಆದದ್ದು ಇದರ ಉಲ್ಟಾ. ಹಬ್ಬಗಳು ನೆಲದ ಮೇಲೆ ಉಳಿದವು, ಕಾಗದದ ಮೇಲೆ ಬಂದದ್ದು ಚೂರುಚೂರಾಗಿ.

ಮೊದಲ ಚೂರು ಫ್ರಾನ್ಸಿಸ್ ಬುಕಾನನ್ನನದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಮೈಸೂರು ಸೀಮೆ ಸುತ್ತಿದ ಈ ವೈದ್ಯ ಮಧುಗಿರಿ, ಶಿರಾ ದಾರಿಯನ್ನೂ ಹಾದುಹೋದ. 1807ರಲ್ಲಿ ಪ್ರಕಟವಾದ ಅವನ ಮೂರು ಸಂಪುಟಗಳ ಪ್ರವಾಸ ಕಥನದಲ್ಲಿ ಬಿತ್ತನೆಯ ಕಾಲ, ದನದ ತಳಿ, ಕೆರೆ, ತೆರಿಗೆ, ಜಾತಿಗಳ ಪದ್ಧತಿ ಎಲ್ಲವೂ ಇವೆ. ಹಬ್ಬ ಅವನ ಕಾಳಜಿಯಾಗಿರಲಿಲ್ಲ. ನೆಲದಿಂದ ಎಷ್ಟು ಹುಟ್ಟುವಳಿ ಬರುತ್ತದೆ ಎಂಬುದೇ ಈಸ್ಟ್ ಇಂಡಿಯಾ ಕಂಪನಿಯ ಪ್ರಶ್ನೆ. ಆದರೂ ಅವನ ಬರಹವನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಹೊಲದ ಕೆಲಸ ಯಾವ ತಿಂಗಳು ನಿಲ್ಲುತ್ತದೆ, ಯಾವ ಮಳೆಗೆ ಶುರುವಾಗುತ್ತದೆ ಎಂದು ತಿಳಿಯದೆ ಯುಗಾದಿಯ ನೇಗಿಲ ಪೂಜೆ ಅರ್ಥವಾಗುವುದಿಲ್ಲ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1877ರಲ್ಲಿ ಬಂತು, 1897ರಲ್ಲಿ ಪರಿಷ್ಕೃತವಾಯಿತು. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಪುಸ್ತಕ ತಂದರು. ಮಾರಮ್ಮನ ಪರಿವಾರ ಅದರಲ್ಲಿ ವಿಸ್ತಾರವಾಗಿದೆ, ಮಿಷನರಿಯ ಅಸಮಾಧಾನವೂ ಜೊತೆಗಿದೆ. ಇವರಿಬ್ಬರಿಗಿಂತ ಊರಿಗೆ ಹತ್ತಿರ ಬಂದವರು ಎಚ್.ವಿ. ನಂಜುಂಡಯ್ಯ. ಅವರು ಆರಂಭಿಸಿದ ಜನಾಂಗ ಸಮೀಕ್ಷೆಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ, 1928ರಿಂದ 1935ರ ನಡುವೆ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳು ಹೊರಬಂದವು. ಗೊಲ್ಲರು, ಬೇಡರು, ಕುರುಬರು, ಒಕ್ಕಲಿಗರು, ಮಾದಿಗರು, ಹೊಲೆಯರು ಎಂದು ಒಂದೊಂದು ಜಾತಿಗೆ ಒಂದೊಂದು ಅಧ್ಯಾಯ. ಈ ವಿಂಗಡಣೆಯ ಒಂದು ನಷ್ಟ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಊರ ಹಬ್ಬ ಒಂದು ಜಾತಿಯದಲ್ಲ. ಮಾರಮ್ಮನ ಜಾತ್ರೆಯಲ್ಲಿ ತಮಟೆ ಒಬ್ಬರದು, ಆರತಿ ಇನ್ನೊಬ್ಬರದು, ಮಡಕೆ ಕುಂಬಾರರದು, ಕೊಂಡಕ್ಕೆ ಸೌದೆ ಊರೆಲ್ಲರದು. ಜಾತಿವಾರು ಅಧ್ಯಾಯಗಳಾಗಿ ಹರಿದು ಹಂಚಿದಾಗ ಆ ಹಬ್ಬ ಇಡಿಯಾಗಿ ಯಾವ ಪುಟದಲ್ಲೂ ಕಾಣುವುದಿಲ್ಲ.

ಇದೇ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಬರವಣಿಗೆ ಬೆಳೆಯುತ್ತಿತ್ತು. 1890ರಲ್ಲಿ ಜೇಮ್ಸ್ ಫ್ರೇಜರ್ ‘ದ ಗೋಲ್ಡನ್ ಬೋ’ ಪ್ರಕಟಿಸಿ, ಲೋಕದ ಹಬ್ಬಗಳನ್ನೆಲ್ಲ ಸತ್ತು ಹುಟ್ಟುವ ಬೆಳೆದೇವತೆಯ ಸುತ್ತ ಹೆಣೆದ. 1921ರಲ್ಲಿ ಮಾರ್ಗರೆಟ್ ಮರ್ರೆ, ಮಾಟಗಾತಿಯರೆಂದು ಸುಟ್ಟವರು ನಿಜವಾಗಿ ಹಳೆಯ ಧರ್ಮವೊಂದರ ಅನುಯಾಯಿಗಳು ಎಂದು ವಾದಿಸಿದಳು. ಇತಿಹಾಸಕಾರರು ಮುಂದೆ ಅದನ್ನು ತಳ್ಳಿಹಾಕಿದರು. ಮಾಟದ ವಿರುದ್ಧ 1735ರಿಂದ ಇದ್ದ ಕಾನೂನು 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಜೆರಾಲ್ಡ್ ಗಾರ್ಡನರ್ ‘ವಿಚ್‌ಕ್ರಾಫ್ಟ್ ಟುಡೇ’ ಬರೆದು ವಿಕ್ಕಾ ಪಂಥವನ್ನು ಬಯಲಿಗೆ ತಂದ. ಎಂಟು ಹಬ್ಬಗಳ ಅವರ ವರ್ಷಚಕ್ರ ರೂಪುಗೊಂಡದ್ದು ಅದೇ ದಶಕದಲ್ಲಿ. ಅದರಲ್ಲಿ ವಸಂತಕ್ಕೆ ಮೂರು ಮೆಟ್ಟಿಲು: ಫೆಬ್ರವರಿ ಮೊದಲಲ್ಲಿ ಇಂಬೊಲ್ಕ್, ಮಾರ್ಚ್‌ನ ಸಮರಾತ್ರಿಗೆ ಒಸ್ತಾರಾ, ಮೇ ಮೊದಲಲ್ಲಿ ಬೆಲ್ಟೇನ್. ಇಂಬೊಲ್ಕ್ ಮತ್ತು ಬೆಲ್ಟೇನ್ ಐರ್ಲೆಂಡಿನ ಹಳೆಯ ಬರಹಗಳಲ್ಲಿ ಇವೆ. ಒಸ್ತಾರಾ ಹಾಗಲ್ಲ. ಎಂಟನೆಯ ಶತಮಾನದ ಬೀಡ್ ಎಂಬ ಸಂನ್ಯಾಸಿ ಒಂದೇ ಸಾಲಿನಲ್ಲಿ ಹೇಳಿದ ದೇವಿಯನ್ನು 1835ರಲ್ಲಿ ಯಾಕೋಬ್ ಗ್ರಿಮ್ ಹಿಗ್ಗಿಸಿದ; 1970ರ ದಶಕದಲ್ಲಿ ಅಮೆರಿಕದ ಏಡನ್ ಕೆಲ್ಲಿ ಆ ಹೆಸರನ್ನು ಹಬ್ಬಕ್ಕೆ ಇಟ್ಟ. ಈ ಹಬ್ಬಗಳ ಕಥೆಯನ್ನು 1996ರ ‘ಸ್ಟೇಷನ್ಸ್ ಆಫ್ ದ ಸನ್’ ಎಂಬ ಪುಸ್ತಕದಲ್ಲಿ ರೊನಾಲ್ಡ್ ಹಟ್ಟನ್ ತಾಳ್ಮೆಯಿಂದ ಬಿಡಿಸಿಟ್ಟಿದ್ದಾರೆ. ಹಬ್ಬ ಹೊಸದು ಎಂಬ ಕಾರಣಕ್ಕೆ ಸುಳ್ಳಾಗುವುದಿಲ್ಲ. 1988ರಿಂದ ಎಡಿನ್‌ಬರಾದ ಕಾಲ್ಟನ್ ಗುಡ್ಡದ ಮೇಲೆ ನಡೆಯುತ್ತಿರುವ ಬೆಲ್ಟೇನ್ ಬೆಂಕಿಹಬ್ಬಕ್ಕೆ ಜನ ಮನಸಾರೆ ಸೇರುತ್ತಾರೆ. 2023ರಿಂದ ಐರ್ಲೆಂಡಿನಲ್ಲಿ ಇಂಬೊಲ್ಕ್ ಹೊತ್ತಿಗೇ ಬರುವ ಬ್ರಿಜಿಡ್ ಹಬ್ಬಕ್ಕೆ ಸರ್ಕಾರಿ ರಜೆಯೂ ಬಂದಿದೆ.

ಬೆಲ್ಟೇನಿನ ಹಳೆಯ ವಿವರ ಓದಿದಾಗ ತುಮಕೂರು ಸೀಮೆಯವರು ಬೆಚ್ಚುವುದು ಸಹಜ. ಹತ್ತನೆಯ ಶತಮಾನದ ಸುಮಾರಿಗೆ ಐರ್ಲೆಂಡಿನ ಕಾರ್ಮಕ್‌ನ ಹೆಸರಲ್ಲಿ ಸಿದ್ಧವಾದ ನಿಘಂಟೊಂದು, ದನಗಳನ್ನು ರೋಗದಿಂದ ಕಾಯಲು ಎರಡು ಬೆಂಕಿಗಳ ನಡುವೆ ಓಡಿಸುತ್ತಿದ್ದರು ಎನ್ನುತ್ತದೆ. ನಮ್ಮಲ್ಲಿ ಸಂಕ್ರಾಂತಿಯ ಸಂಜೆ ಎತ್ತು, ಹಸುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಊರ ಮುಂದೆ ಹುಲ್ಲು ಹಾಸಿ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಾರೆ. ಮೈಮೇಲಿನ ಉಣ್ಣೆ, ಚಿಗಟ ಉದುರುತ್ತವೆ, ರೋಗ ಹತ್ತಿರ ಸುಳಿಯದು ಎಂಬುದು ಹಿರಿಯರ ಮಾತು. ಎರಡಕ್ಕೂ ಒಂದೇ ಮೂಲ ಎಂದು ಫ್ರೇಜರನ ಹಾಗೆ ಹೇಳಿಬಿಡುವ ಆಸೆ ಹುಟ್ಟುತ್ತದೆ, ಅದಕ್ಕೆ ಆಧಾರವಿಲ್ಲ. ದನವೇ ಆಸ್ತಿಯಾಗಿದ್ದ ಎರಡು ಜನ, ಋತು ತಿರುಗುವ ಹೊತ್ತಿನಲ್ಲಿ, ಕೈಗೆ ಸಿಕ್ಕ ಒಂದೇ ಔಷಧವನ್ನು ಬಳಸಿದರು ಎಂಬುದೇ ಸಾಕಾದ ವಿವರಣೆ ಎಂದು ನನಗನ್ನಿಸುತ್ತದೆ.

ಕಾಲದ ಎಣಿಕೆಯಲ್ಲೂ ಇಂಥದೇ ಒಂದು ಹೋಲಿಕೆ ಇದೆ. 1897ರಲ್ಲಿ ಫ್ರಾನ್ಸಿನ ಕೊಲಿಞಿ ಎಂಬಲ್ಲಿ ಕೆಲ್ಟಿಕ್ ಬಳಗದ ಗಾಲ್ ಜನರ ಕಂಚಿನ ಪಂಚಾಂಗವೊಂದು ತುಂಡುಗಳಾಗಿ ಸಿಕ್ಕಿತು. ಅದು ಚಾಂದ್ರಮಾಸಗಳನ್ನು ಸೌರವರ್ಷಕ್ಕೆ ಹೊಂದಿಸಲು ಐದು ವರ್ಷಕ್ಕೆ ಎರಡು ಅಧಿಕಮಾಸ ಸೇರಿಸಿ 62 ತಿಂಗಳು ಲೆಕ್ಕ ಹಾಕುತ್ತದೆ. ನಮ್ಮ ವೇದಾಂಗ ಜ್ಯೋತಿಷದ ಐದು ವರ್ಷದ ಯುಗದಲ್ಲೂ ತಿಂಗಳು ಅಷ್ಟೇ, 62. ಚಂದ್ರನನ್ನೂ ಸೂರ್ಯನನ್ನೂ ಒಟ್ಟಿಗೆ ನಂಬಿ ಬೇಸಾಯ ಮಾಡುವವರಿಗೆ ಗಣಿತ ಬೇರೆ ದಾರಿ ಬಿಡುವುದಿಲ್ಲ. ಅಂದಹಾಗೆ, 1957ರಲ್ಲಿ ಜಾರಿಗೆ ಬಂದ ಭಾರತದ ರಾಷ್ಟ್ರೀಯ ಪಂಚಾಂಗದ ಚೈತ್ರ ಶುರುವಾಗುವುದು ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ, ಅಂದರೆ ಸಮರಾತ್ರಿಯ ಬೆನ್ನಿಗೇ. ಆ ದಿನಾಂಕ ನೋಡಿ ಈ ಸೀಮೆಯ ಯಾವ ಮನೆಯಲ್ಲೂ ಒಬ್ಬಟ್ಟು ಬೇಯುವುದಿಲ್ಲ. ಜನ ನೋಡುವುದು ಅಮಾವಾಸ್ಯೆ ಕಳೆದ ಪಾಡ್ಯವನ್ನು.

ಯುಗಾದಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೇವು-ಬೆಲ್ಲ, ಎಣ್ಣೆಸ್ನಾನ, ಮಾವು-ಬೇವಿನ ತೋರಣ ಎಲ್ಲರಿಗೂ ಗೊತ್ತು. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ತೆಲುಗು ಮನೆಗಳಲ್ಲಿ ಬೇವು-ಬೆಲ್ಲದ ಜಾಗದಲ್ಲಿ ಆರು ರುಚಿಯ ಪಚ್ಚಡಿ ಇರುತ್ತದೆ: ಬೇವಿನ ಹೂ, ಹುಣಿಸೆ, ಮಾವಿನಕಾಯಿ, ಬೆಲ್ಲ, ಉಪ್ಪು, ಖಾರ. ಬೇವಿನ ಹೂವೂ ಮಾವಿನಕಾಯಿಯೂ ಆ ಹೊತ್ತಿಗೆ ಆ ನೆಲವೇ ಕೊಡುವಂಥವು. ಪುಸ್ತಕಗಳು ಕಡಿಮೆ ಬರೆದಿರುವುದು ಹೊನ್ನಾರಿನ ಬಗ್ಗೆ. ಪಂಚಾಂಗ ಕೇಳಿ, ಯಾರ ಹೆಸರಿಗೆ, ಯಾವ ಬಣ್ಣದ ಎತ್ತಿಗೆ ಈ ಸಲ ಬಲ ಬಂದಿದೆ ಎಂದು ತಿಳಿದು, ನೇಗಿಲು ನೊಗ ತೊಳೆದು ಪೂಜಿಸಿ, ಊರವರೆಲ್ಲ ಕೂಡಿ ವರ್ಷದ ಮೊದಲ ಸಾಲು ಹೊಡೆಯುವ ಕ್ರಮ ಅದು. ಬಿತ್ತನೆಗೆ ಇನ್ನೂ ತಿಂಗಳುಗಳಿರುತ್ತವೆ, ನೆಲ ಕಲ್ಲಿನಂತಿರುತ್ತದೆ. ಆದರೂ ಉಳುತ್ತಾರೆ, ಮಳೆ ಬಂದೇ ಬರುತ್ತದೆ ಎಂಬ ಮಾತನ್ನು ನೇಗಿಲಿನಿಂದ ಆಡುತ್ತಾರೆ. ಮಾರನೆಯ ದಿನ ವರ್ಷತೊಡಕು, ಗುಡ್ಡೆ ಮಾಂಸದ ಪಾಲು. ಸಂಜೆ ಚಂದ್ರದರ್ಶನ, ಹಿರಿಯರ ಕಾಲಿಗೆ ನಮಸ್ಕಾರ.

ಆ ಎಳೆಚಂದ್ರನ ಯಾವ ಕೋಡು ಎತ್ತರವಿದೆ ಎಂದು ನೋಡಿ ಮಳೆ-ಬೆಳೆ ಊಹಿಸುವವರು ಈಗಲೂ ಇದ್ದಾರೆ. ಚಂದ್ರನ ಹಾದಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ, ಆ ಓರೆಯ ದಿಕ್ಕು 18.6 ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತದೆ. ಅಧಿಕಮಾಸದಿಂದಾಗಿ ಯುಗಾದಿಯೂ ಹಿಂದೆ ಮುಂದೆ ಸರಿಯುತ್ತದೆ. ಆದ್ದರಿಂದ ಕೋಡಿನ ಓರೆ ವರ್ಷದಿಂದ ವರ್ಷಕ್ಕೆ ನಿಜವಾಗಿಯೂ ಬದಲಾಗುತ್ತದೆ. ಮಳೆಗೂ ಅದಕ್ಕೂ ನಂಟಿಲ್ಲದಿರಬಹುದು, ಆದರೆ ಬರಿಗಣ್ಣಿನ ಆ ಗಮನಿಕೆ ಸಣ್ಣದಲ್ಲ.

ಯುಗಾದಿಯ ಆಚೀಚೆ ಉಳಿದ ಹಬ್ಬಗಳು ಸಾಲುಗಟ್ಟುತ್ತವೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ. ಫಾಲ್ಗುಣದ ಹುಣ್ಣಿಮೆಗೆ ಕಾಮನನ್ನು ಸುಡುತ್ತಾರೆ. ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ. ಬಸವ ಜಯಂತಿಗೆ ಎತ್ತಿನ ಪೂಜೆ. ಇವುಗಳ ನಡುವೆ ಮಾರಮ್ಮನ ಕಾಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ಮಾರ್ಚ್‌ನ ಬಿಸಿಲಿಗೆ ಬರುತ್ತದೆ. ಸುತ್ತಲಿನ ಹಳ್ಳಿಗಳ ಮಾರಮ್ಮಂದಿರಿಗೂ ಅದೇ ಹಂಗಾಮು. ತಂಬಿಟ್ಟಿನ ಆರತಿ, ಬೇವಿನ ಉಡುಗೆ, ಕೊಂಡ ಹಾಯುವುದು, ಮೊಸರನ್ನದ ಎಡೆ. ಮಾರಮ್ಮನೇ ಕಾಯುವಳೆಂದು ನಂಬಿದ್ದ ಸಿಡುಬು ಬೇಸಿಗೆಯ ಬಾಗಿಲಲ್ಲೇ ಹೆಚ್ಚುತ್ತಿದ್ದ ರೋಗ. ಪಾವಗಡದ ಶನೈಶ್ಚರನ ಗುಡಿಯಲ್ಲಿ ಶೀತಲಾಂಬೆಯೂ ಇದ್ದಾಳೆ. ಅವಳೂ ಆ ರೋಗದ ತಾಪ ಇಳಿಸುವ ತಾಯಿ. 1980ರಲ್ಲಿ ಲೋಕದಿಂದಲೇ ಸಿಡುಬು ತೊಲಗಿತೆಂದು ಸಾರಿದರು, ಜಾತ್ರೆ ಉಳಿಯಿತು. ರೋಗ ಹೋದ ಮೇಲೂ ಬಿಸಿಲಿದೆ, ನೀರಿನ ಭಯವಿದೆ.

ಈ ಲೋಕವನ್ನು ಹಾಡಿನ ದಾರಿಯಿಂದ ಹೊಕ್ಕವರು ಕನ್ನಡದ ಜಾನಪದ ವಿದ್ವಾಂಸರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೀಶಂಪ (ಜೀ.ಶಂ. ಪರಮಶಿವಯ್ಯ) ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಕಾವ್ಯಗಳನ್ನು ಪ್ರಕಾರವಾಗಿ ವಿಂಗಡಿಸಿ ಒಂದು ಪೀಳಿಗೆಗೇ ದಾರಿ ತೋರಿಸಿದರು. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಹಟ್ಟಿ ಹಟ್ಟಿ ಸುತ್ತಿ ದಾಖಲಿಸಿದರು. ಚೆಲುವರಾಜು ಸಂಪಾದಿಸಿದ ‘ಜುಂಜಪ್ಪ’ ಮಹಾಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಗುಡ್ಡೆಯಾಗಿ ನೆಲೆಸಿದ ಈ ದನಗಾಹಿ ವೀರನನ್ನು ಕಾಡುಗೊಲ್ಲರು ಗಣೆ ಎಂಬ ಉದ್ದನೆಯ ಬಿದಿರು ಕೊಳಲಿನ ದನಿಯೊಂದಿಗೆ ಹಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಬಗ್ಗೆ ಆದ ಅತ್ಯಂತ ದೊಡ್ಡ ಕೆಲಸ ಈ ಜಾನಪದ ಸಂಗ್ರಹವೇ. ಬುಕಾನನ್ ಎಣಿಸಿದ ದನ ಇಲ್ಲಿ ಹೆಸರು, ಕುಲ, ನೆನಪುಗಳಿರುವ ಜೀವವಾಗುತ್ತದೆ. ಆದರೆ ಇಲ್ಲೂ ಒಂದು ಕೊರತೆ ಉಳಿಯಿತು. ಸಂಗ್ರಹ ಪ್ರಕಾರವಾರು ನಡೆದಷ್ಟು ಋತುವಾರು ನಡೆಯಲಿಲ್ಲ. ಕಾವ್ಯ ಸಿಕ್ಕಿತು, ಅದನ್ನು ಯಾವ ತಿಂಗಳು, ಯಾವ ಮೇವು ಮುಗಿದಾಗ, ಯಾವ ಹರಕೆಗೆ ಹಾಡುತ್ತಾರೆ ಎಂಬುದು ಅಡಿಟಿಪ್ಪಣಿಗೆ ಸರಿಯಿತು.

ಇರುವುದೆಲ್ಲ ಹಾಗೆಯೇ ಇರಲಿ ಎಂಬುದು ನನ್ನ ವಾದವಲ್ಲ. ಮುಟ್ಟಾದ, ಹೆತ್ತ ಹೆಂಗಸರನ್ನು ಹಟ್ಟಿಯ ಆಚೆ ಗುಡಿಸಲಿನಲ್ಲಿ ಇರಿಸುವ ಪದ್ಧತಿಗೆ ಸಂಪ್ರದಾಯದ ಹೆಸರಿನಲ್ಲಿ ರಕ್ಷಣೆ ಸಿಗಬಾರದು. ಮಾರಮ್ಮನ ಜಾತ್ರೆಯಲ್ಲಿ ತಮಟೆ ಬಡಿಯುವವನಿಗೆ ಗುಡಿಯ ಹೊಸ್ತಿಲು ಇನ್ನೂ ದೂರವಿದ್ದರೆ ಆ ಜಾತ್ರೆ ಊರಿನದು ಎನ್ನಲು ಬಾಯಿ ಬರುವುದಿಲ್ಲ. ವಿಕ್ಕಾ ಪಂಥದವರಿಂದ ಕಲಿಯಬಹುದಾದ ಒಂದು ಸಂಗತಿ ಇಲ್ಲಿದೆ: ಬೇಕಾದ್ದನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ. ಆಸ್ಟ್ರೇಲಿಯಾದ ವಿಕ್ಕನರು ಅಲ್ಲಿನ ವಸಂತಕ್ಕೆ ಸರಿಯಾಗಿ ಬೆಲ್ಟೇನನ್ನು ಅಕ್ಟೋಬರ್ ಕೊನೆಗೆ ಆಚರಿಸುತ್ತಾರೆ. ಅದೇ ದೇಶದ ಕನ್ನಡದ ಮನೆಗಳು ಮಾತ್ರ ಎಲೆ ಉದುರುವ ಕಾಲದಲ್ಲಿ ಯುಗಾದಿ ಮಾಡುತ್ತವೆ.

ನೆಲ ಬದಲಾಗುತ್ತಿರುವ ವೇಗ ನೋಡಿದರೆ ದಾಖಲೆಯ ಕೆಲಸಕ್ಕೆ ಹೆಚ್ಚು ಕಾಲವಿಲ್ಲ. ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರಫಲಕಗಳು ಎದ್ದಿವೆ; ಸಾಮರ್ಥ್ಯ 2,050 ಮೆಗಾವಾಟ್. ಬರದ ಸೀಮೆಗೆ ಗುತ್ತಿಗೆ ಹಣ ಬಂತು, ಅದು ಒಳ್ಳೆಯದೇ. ಆ ಎಕರೆಗಳಲ್ಲಿ ಹೊನ್ನಾರಿನ ಸಾಲು ಮಾತ್ರ ಇನ್ನಿಲ್ಲ. ಉಳಿದ ಕಡೆ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಅದಕ್ಕೂ ಕುಂಕುಮ ಹಚ್ಚಿ ಪೂಜಿಸುತ್ತಾರೆ, ಕಿಚ್ಚು ಹಾಯಿಸಲು ಮಾತ್ರ ಬರುವುದಿಲ್ಲ.

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಒಂದು ವರ್ಷದ ಮಟ್ಟಿಗೆ ಇಲ್ಲಿನ ಪ್ರೌಢಶಾಲೆಯ ಮಕ್ಕಳು ತಮ್ಮ ತಮ್ಮ ಊರಿನ ಹಬ್ಬಗಳನ್ನು ಸಂಕ್ರಾಂತಿಯಿಂದ ಬಸವ ಜಯಂತಿಯವರೆಗೆ ದಿನಾಂಕ ಹಾಕಿ ಬರೆಯಲಿ: ಯಾರು ಏನು ತಂದರು, ಯಾವ ಮರ ಆಗ ಹೂಬಿಟ್ಟಿತ್ತು, ಕೆರೆಯಲ್ಲಿ ನೀರೆಷ್ಟಿತ್ತು, ಯಾರನ್ನು ಹೊರಗಿಟ್ಟರು. ಅಜ್ಜಿಯರನ್ನು ಕೇಳಲಿ, ತಮಟೆಯವರನ್ನು ಕೇಳಲಿ, ಗಣೆ ಊದುವವರನ್ನು ಕೇಳಲಿ. ತುಮಕೂರು ವಿಶ್ವವಿದ್ಯಾಲಯವೂ ಜಾನಪದ ಅಕಾಡೆಮಿಯೂ ಅದನ್ನು ತಿದ್ದಿ, ಜೋಡಿಸಿ, ನಾಲ್ಕು ತಾಲ್ಲೂಕುಗಳ ಋತುಗ್ರಂಥವಾಗಿ ತರಲಿ. ಈ ಲೇಖನ ಓದುವ ಮೇಷ್ಟ್ರುಗಳು, ಮೇಡಮ್ಮುಗಳು ಮುಂದಿನ ಸಂಕ್ರಾಂತಿಗೇ ಶುರುಮಾಡಬಹುದು. ಒಂದು ನೋಟ್‌ಪುಸ್ತಕ ಸಾಕು.