ವೈಯಕ್ತಿಕ ಗುರಿ ನಿರ್ಧಾರ ಮತ್ತು ಅದರ ಅನುಪಾಲನೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಪೀಠಿಕೆ

ಸರ್ಕಾರದ ಸೇವೆಗಳನ್ನು ಕೋರಿ ಸಲ್ಲಿಸಲಾಗುವ ಪ್ರತಿಯೊಂದು ಅರ್ಜಿಯ ಹಿಂದೆ ಅರ್ಜಿದಾರರ ಒಂದು ಉದ್ದೇಶವಿರುತ್ತದೆ. ಆದಾಯ ಪ್ರಮಾಣ ಪತ್ರವನ್ನು ಕೋರುವ ವಿದ್ಯಾರ್ಥಿಯ ಉದ್ದೇಶ ವ್ಯಾಸಂಗವನ್ನು ಮುಂದುವರಿಸುವುದು. ಸ್ವಸಹಾಯ ಗುಂಪಿನಿಂದ ಸಾಲ ಕೋರುವ ಮಹಿಳೆಯ ಉದ್ದೇಶ ಸ್ವಂತ ದುಡಿಮೆ. ಅರ್ಜಿಯು ಉದ್ದೇಶ ಸಾಧನೆಯ ಒಂದು ಹಂತ ಮಾತ್ರ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಉದ್ದೇಶ ಈಡೇರುವುದಿಲ್ಲ. ಒಂದು ದಾಖಲೆಯ ಕೊರತೆಯಿಂದ ಕೊನೆಯ ದಿನಾಂಕ ಮೀರಿದಲ್ಲಿ ವಿದ್ಯಾರ್ಥಿಗೆ ಆ ವರ್ಷದ ಶುಲ್ಕ ವಿನಾಯಿತಿ ತಪ್ಪಬಹುದು, ಕೆಲವೊಮ್ಮೆ ವ್ಯಾಸಂಗವೇ ನಿಲ್ಲಬಹುದು. ಆದುದರಿಂದ ಗುರಿಯನ್ನು ನಿರ್ಧರಿಸುವ ಹಾಗೂ ಅದನ್ನು ಕೊನೆಯವರೆಗೆ ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಗುರಿಯ ಲಕ್ಷಣಗಳು

"ಮುಂದೆ ಓದಬೇಕು", "ಏನಾದರೂ ಉದ್ಯೋಗ ಮಾಡಬೇಕು" ಎಂಬುವು ಇಚ್ಛೆಗಳು. ಇಚ್ಛೆಯು ಗುರಿಯಾಗಬೇಕಾದರೆ ಅದರಲ್ಲಿ ಮೂರು ಅಂಶಗಳು ಸ್ಪಷ್ಟವಾಗಿರಬೇಕು:

(ಅ) ಸಾಧಿಸಬೇಕಾದುದು ಏನು;
(ಆ) ಯಾವ ದಿನಾಂಕದೊಳಗೆ;
(ಇ) ಅದಕ್ಕಾಗಿ ಈ ವಾರ ಮಾಡಬೇಕಾದ ಕೆಲಸ ಯಾವುದು.

ಮೂರನೆಯ ಅಂಶವನ್ನು ಬಿಟ್ಟ ಗುರಿಗಳು ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲುತ್ತವೆ. ಗುರಿಯನ್ನು ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಒಂದು ವಹಿಯಲ್ಲಿ ಬರೆದಿಡುವುದು ಸೂಕ್ತ. ಓದು ಬರಹ ಬಾರದವರು ಮನೆಯ ಮಕ್ಕಳಿಂದ ಬರೆಯಿಸಿಕೊಳ್ಳಬಹುದು.

2. ದಿನಾಂಕದಿಂದ ಹಿಂದಕ್ಕೆ ಎಣಿಸುವ ಕ್ರಮ

ಕೊನೆಯ ದಿನಾಂಕವನ್ನು ಮೊದಲು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಪ್ರತಿ ಹಂತಕ್ಕೆ ಕಾಲ ನಿಗದಿಪಡಿಸತಕ್ಕದ್ದು. ದ್ವಿತೀಯ ಪಿಯುಸಿ ಮುಗಿಸಿ ಮುಂದಿನ ಕೋರ್ಸಿಗೆ ಸೇರಬಯಸುವ ವಿದ್ಯಾರ್ಥಿಯು ಈ ಕೆಳಗಿನಂತೆ ಯೋಜಿಸಬಹುದು:

(ಅ) ಮೂರು ತಿಂಗಳು ಮುಂಚೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮತ್ತು ಪಡಿತರ ಚೀಟಿಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಪರಿಶೀಲಿಸುವುದು. ತಂದೆಯ ಹೆಸರು, ಅಡ್ಡಹೆಸರುಗಳಲ್ಲಿನ ವ್ಯತ್ಯಾಸವನ್ನು ಈ ಹಂತದಲ್ಲಿಯೇ ಸರಿಪಡಿಸಿಕೊಳ್ಳುವುದು.
(ಆ) ಎರಡು ತಿಂಗಳು ಮುಂಚೆ: ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಸಿಂಧುತ್ವದ ಅವಧಿಯನ್ನು ನೋಡಿ, ಅಗತ್ಯವಿದ್ದಲ್ಲಿ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಸಲ್ಲಿಸುವುದು.
(ಇ) ಒಂದು ತಿಂಗಳು ಮುಂಚೆ: ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳುವುದು.
(ಈ) ಅರ್ಜಿ ಆರಂಭವಾದ ಮೊದಲ ವಾರ: ಅರ್ಜಿ ಸಲ್ಲಿಸಿ ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳುವುದು. ಕೊನೆಯ ವಾರಕ್ಕೆ ಬಿಟ್ಟಲ್ಲಿ ತಪ್ಪು ತಿದ್ದಲು ಕಾಲಾವಕಾಶ ಉಳಿಯುವುದಿಲ್ಲ.

3. ಆದಾಯದ ಕಾಲಕ್ಕೆ ಹೊಂದುವ ಗುರಿ

ಈ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಕುಟುಂಬಗಳು ಕೃಷಿಯನ್ನು ಅವಲಂಬಿಸಿವೆ. ಗೋವಿನಜೋಳ ಬೆಳೆಯುವವರಿಗೆ ಮಳೆಗಾಲದ ಆರಂಭದಲ್ಲಿ ಬೀಜ, ಗೊಬ್ಬರದ ಖರ್ಚು ಬರುತ್ತದೆ. ಹಣ ಕೈಸೇರುವುದು ಒಕ್ಕಣೆಯ ನಂತರ. ಹಾನಗಲ್ಲ ಭಾಗದ ಮಾವಿನ ಬೆಳೆಗಾರರಿಗೆ ಬೇಸಿಗೆಯಲ್ಲಿ, ಸವಣೂರು ಭಾಗದ ಎಲೆಬಳ್ಳಿ ತೋಟದವರಿಗೆ ಪ್ರತಿ ಕೊಯ್ಲಿನಲ್ಲಿ ಆದಾಯ ಬರುತ್ತದೆ. ಬಿತ್ತನೆಯ ತಿಂಗಳಿನಲ್ಲಿ ದೊಡ್ಡ ಮೊತ್ತದ ಕಂತನ್ನು ಒಪ್ಪಿಕೊಂಡಲ್ಲಿ ಗುರಿಯು ಆರಂಭದಲ್ಲಿಯೇ ಮುರಿಯುತ್ತದೆ. ಕಂತಿನ ದಿನಾಂಕವನ್ನು ಆದಾಯದ ದಿನಾಂಕಕ್ಕೆ ಹೊಂದಿಸಿಕೊಳ್ಳುವುದು ಅವಶ್ಯ.

4. ಸಣ್ಣ ಮೊತ್ತ, ನಿಶ್ಚಿತ ದಿನ

ರಾಜ್ಯದಲ್ಲಿ 2000-01ನೇ ಸಾಲಿನಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಲ್ಲಿ 15ರಿಂದ 20 ಸದಸ್ಯೆಯರು ಸೇರಿ ವಾರಕ್ಕೊಮ್ಮೆ ಉಳಿತಾಯ ಮಾಡುವ ಪದ್ಧತಿ ಇದೆ. ಈ ಪದ್ಧತಿಯ ಬಲವು ಮೊತ್ತದಲ್ಲಿರುವುದಕ್ಕಿಂತ ಹೆಚ್ಚಾಗಿ ನಿಶ್ಚಿತ ದಿನದಲ್ಲಿದೆ. ಉದಾಹರಣೆಗೆ, ಹೊಲಿಗೆ ಯಂತ್ರ ಮತ್ತು ಪರಿಕರಗಳಿಗೆ ರೂ. 10,400 ಬೇಕೆಂದು ಭಾವಿಸಿದಲ್ಲಿ:

ವಾರಕ್ಕೆ ರೂ. 50 ಉಳಿಸಿದರೆ ವರ್ಷಕ್ಕೆ ರೂ. 2,600, ಗುರಿ ತಲುಪಲು 4 ವರ್ಷ.
ವಾರಕ್ಕೆ ರೂ. 100 ಉಳಿಸಿದರೆ ವರ್ಷಕ್ಕೆ ರೂ. 5,200, ಗುರಿ ತಲುಪಲು 2 ವರ್ಷ.

ಈ ಲೆಕ್ಕವನ್ನು ಮೊದಲೇ ಮಾಡಿದಲ್ಲಿ, ಪೂರ್ಣ ಉಳಿತಾಯಕ್ಕೆ ಕಾಯಬೇಕೇ ಅಥವಾ ಸ್ವಲ್ಪ ಉಳಿಸಿ ಉಳಿದುದಕ್ಕೆ ಗುಂಪಿನ ಸಾಲ ಪಡೆಯಬೇಕೇ ಎಂಬುದನ್ನು ತಿಳಿದು ನಿರ್ಧರಿಸಬಹುದು. ಸಾಲ ಪಡೆಯುವವರು ಬಡ್ಡಿ ಸಹಿತ ಕಂತನ್ನು ಹೊಲಿಗೆಯ ನಿರೀಕ್ಷಿತ ಆದಾಯದೊಂದಿಗೆ ಹೋಲಿಸಿ ನೋಡತಕ್ಕದ್ದು. ಹಬ್ಬ, ಮದುವೆ, ಅನಾರೋಗ್ಯದಿಂದ ಒಂದು ವಾರ ತಪ್ಪಿದಲ್ಲಿ ಉಳಿತಾಯವನ್ನೇ ಕೈಬಿಡದೆ ಮುಂದಿನ ವಾರ ಅದೇ ಮೊತ್ತದಿಂದ ಮುಂದುವರಿಸಬೇಕು.

5. ಗುರಿ ತಮ್ಮದು, ನೆರವು ಇತರರದು

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಅಂಧರಾಗಿದ್ದರು. ಅವರ ಸಂಗೀತ ಶಿಕ್ಷಣಕ್ಕೆ ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯ ದೊರೆಯಿತು. ಆದರೆ ಸಾಧನೆ ಅವರದೇ. ಮುಂದೆ ಅವರು ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮವನ್ನು ಕಟ್ಟಿದರು. ಅದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದೇ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರಾಗಿ, 1944ರಲ್ಲಿ ಗುರುಗಳ ನಿಧನಾನಂತರ ಆಶ್ರಮವನ್ನು ಮುನ್ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಆಶ್ರಯ ಮತ್ತು ನೆರವು ಇತರರಿಂದ ಬರಬಹುದು. ದಿನನಿತ್ಯದ ಅಭ್ಯಾಸವನ್ನು ಮಾತ್ರ ಬೇರೆಯವರು ಮಾಡಿಕೊಡಲಾರರು ಎಂಬುದಕ್ಕೆ ಈ ಇಬ್ಬರ ಜೀವನ ನಿದರ್ಶನ. ಸರ್ಕಾರದ ಸೇವೆಯನ್ನೂ ಇದೇ ರೀತಿ ನೆರವೆಂದು ಭಾವಿಸಿ, ತಮ್ಮ ಪಾಲಿನ ಕೆಲಸವನ್ನು ನಿಲ್ಲಿಸದಿರುವುದು ಉಚಿತ.

6. ಅರ್ಜಿ ಸಲ್ಲಿಸಿದ ನಂತರದ ಅನುಪಾಲನೆ

ಕೆಲವು ಹಂತಗಳು ಅರ್ಜಿದಾರರ ಕೈಯಲ್ಲಿರುತ್ತವೆ, ಕೆಲವು ಕಚೇರಿಯ ಕೈಯಲ್ಲಿರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಳ್ಳತಕ್ಕದ್ದು. ಕಚೇರಿಯ ಹಂತಕ್ಕೆ ಕಾಲಮಿತಿ ನಿಗದಿಪಡಿಸುವ ಸಲುವಾಗಿ 2011ರ ಅಧಿನಿಯಮದ ಅಡಿಯಲ್ಲಿ ಸಕಾಲ ವ್ಯವಸ್ಥೆಯನ್ನು 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ತರಲಾಯಿತು.

(ಅ) ಸಕಾಲ ವ್ಯಾಪ್ತಿಯ ಸೇವೆಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆಯುವುದು.
(ಆ) ಸೇವೆ ದೊರೆಯಬೇಕಾದ ದಿನಾಂಕವನ್ನು ಗುರಿಯ ವಹಿಯಲ್ಲಿ ಬರೆದಿಡುವುದು. ಆ ದಿನಾಂಕಕ್ಕೆ ಮುನ್ನ ಕೆಲಸ ಬಿಟ್ಟು ಪದೇ ಪದೇ ಕಚೇರಿಗೆ ಅಲೆಯುವ ಅಗತ್ಯವಿಲ್ಲ; ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು.
(ಇ) ದಿನಾಂಕ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯ ಮೇಲ್ಮನವಿಗೆ ಅವಕಾಶವಿದೆ.
(ಈ) ವಿಳಂಬಕ್ಕೆ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ.

ಅರ್ಜಿ ತಿರಸ್ಕೃತವಾದರೆ ಗುರಿ ತಿರಸ್ಕೃತವಾಯಿತೆಂದು ಭಾವಿಸಬಾರದು. ತಿರಸ್ಕಾರದ ಕಾರಣವನ್ನು ಓದಿ, ಕೊರತೆಯಿರುವ ದಾಖಲೆಯನ್ನು ಒದಗಿಸಿ, ಪುನಃ ಅರ್ಜಿ ಸಲ್ಲಿಸುವುದೇ ಮುಂದಿನ ಹಂತ.

7. ತಿಂಗಳಿಗೊಮ್ಮೆ ಪರಿಶೀಲನೆ

ತಿಂಗಳಿಗೊಂದು ನಿಶ್ಚಿತ ದಿನ, ಸಂತೆಯ ದಿನವಾದರೂ ಸರಿ, ವಹಿಯನ್ನು ತೆರೆದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು: ಯಾವ ಹಂತ ಮುಗಿದಿದೆ? ಯಾವುದು ನಿಂತಿದೆ? ನಿಂತಿರುವುದಕ್ಕೆ ಕಾರಣ ಹಣವೇ, ದಾಖಲೆಯೇ, ಸಮಯವೇ? ಮನೆಯವರ ಅಥವಾ ಗುಂಪಿನ ಸದಸ್ಯೆಯರ ಎದುರು ಈ ಪರಿಶೀಲನೆ ನಡೆದಲ್ಲಿ ಮರೆವಿಗೆ ಅವಕಾಶ ಕಡಿಮೆ. ಮಳೆ ಕೈಕೊಟ್ಟು ಬೆಳೆ ಹಾಳಾದ ವರ್ಷ ದಿನಾಂಕವನ್ನು ಮುಂದೂಡುವುದು ತಪ್ಪಲ್ಲ. ಹೊಸ ದಿನಾಂಕವನ್ನು ಬರೆಯದೆ ಬಿಡುವುದು ತಪ್ಪು. ಒಂದೇ ಬಾರಿಗೆ ಅನೇಕ ಗುರಿಗಳನ್ನು ಹಮ್ಮಿಕೊಳ್ಳದೆ, ಒಂದು ಮುಗಿದ ನಂತರ ಮತ್ತೊಂದನ್ನು ಆರಂಭಿಸುವುದು ಕ್ಷೇಮಕರ.

ಪ್ರಮಾಣ ಪತ್ರಗಳಿಗೆ ಸಂಬಂಧಿಸಿದ ಸೇವೆಗಳಿಗಾಗಿ ಸಾರ್ವಜನಿಕರು ತಮ್ಮ ಹೋಬಳಿಯ ನಾಡಕಚೇರಿಯನ್ನು ಅಥವಾ ತಾಲ್ಲೂಕು ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಭೇಟಿಯ ಸಮಯದಲ್ಲಿ ಹಿಂದಿನ ಸ್ವೀಕೃತಿ ಪತ್ರ ಹಾಗೂ ಮೂಲ ದಾಖಲೆಗಳನ್ನು ಜೊತೆಯಲ್ಲಿ ತರಲು ಕೋರಲಾಗಿದೆ.