ಸೂಟೆಯಿಂದ ಹೆಡ್‌ಲೈಟ್‌ವರೆಗೆ: ಕಡಬದ ಕತ್ತಲೆಯ ಕತೆ

ಟಾರ್ಚ್ ಕೊಳ್ಳುವಾಗ ನಾವೆಲ್ಲ ಕೇಳೋದು ಒಂದೇ: ‘ಎಷ್ಟು ಬೆಳಕು ಬರುತ್ತೆ?’ ಕಡಬದ ಕಡೆಯ ಚರಿತ್ರೆ ನೋಡಿದ್ರೆ, ಮೊದಲು ‘ಯಾವ ಕೆಲಸಕ್ಕೆ?’ ಅಂತ ಕೇಳಬೇಕು ಅನ್ಸುತ್ತೆ ನನಗೆ.

ಹಿಂದೆ ಇದ್ದದ್ದು ಸೂಟೆ, ತುಳುವಲ್ಲಿ ತೂಟೆ. ಒಣಗಿದ ತೆಂಗಿನ ಗರಿಯ ಕಟ್ಟು. ಬೀಸಿದರೆ ಉರಿ, ನಿಲ್ಲಿಸಿದರೆ ಕೆಂಡ. ಯಕ್ಷಗಾನ ನೋಡಿ ತೋಟದ ದಾರಿ ಹಿಡಿದವರಿಗೆ ಕಾಲಬುಡ ಕಂಡರೆ ಸಾಕಿತ್ತು.

1899ರಲ್ಲಿ ಅಮೆರಿಕದಲ್ಲಿ ಡೇವಿಡ್ ಮಿಸೆಲ್‌ಗೆ ಕೈಟಾರ್ಚಿನ ಪೇಟೆಂಟ್ ಸಿಕ್ಕಿತು. ಆಗಿನ ಸೆಲ್ ದುರ್ಬಲ, ಬೆಳಕು ಕ್ಷಣಮಾತ್ರ. ‘ಫ್ಲ್ಯಾಶ್‌ಲೈಟ್’ ಅನ್ನೋ ಹೆಸರು ಬಂದದ್ದೇ ಹಾಗೆ.

1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ಎಷ್ಟೋ ತಮಿಳರಿಗೆ ಪುತ್ತೂರು, ಸುಳ್ಯ ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ರಬ್ಬರ್ ಹಾಲು ಚೆನ್ನಾಗಿ ಇಳಿಯೋದು ತಂಪು ಹೊತ್ತಲ್ಲಿ, ಹಾಗಾಗಿ ಕತ್ತಲಿರುವಾಗಲೇ ಟ್ಯಾಪಿಂಗ್. ಎರಡೂ ಕೈಗೆ ಕೆಲಸ, ಬೆಳಕು ಹಣೆ ಮೇಲೆ. ಕಾಣಬೇಕಾದ್ದು ಹತ್ತಿರದ ತೊಗಟೆ, ಹರಡಿದ ಬೆಳಕೇ ಸಾಕು.

ಆನೆ ವಿಷಯ ಹಾಗಲ್ಲ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕಾಡಾನೆ ಇಬ್ಬರನ್ನು ಕೊಂದಿತು. ಕಾಡಂಚಿನ ದಾರಿಗೆ ಮೊಬೈಲ್ ಬೆಳಕು ಸಾಲದು, ದೂರಕ್ಕೆ ನೆಟ್ಟಗೆ ಹೋಗುವ ಕಿರಣ ಬೇಕು. ಡಬ್ಬಿ ಮೇಲಿನ ಲ್ಯೂಮೆನ್ ಒಟ್ಟು ಬೆಳಕಿನ ಲೆಕ್ಕ, ಒಂದೇ ದಿಕ್ಕಿನ ತೀವ್ರತೆ ಹೇಳೋದು ಕ್ಯಾಂಡೆಲಾ. ಅದನ್ನ ನೋಡಿ ಕೊಳ್ಳಿ. ಆನೆ ಕಂಡರೆ ಮುಖಕ್ಕೆ ಬೆಳಕು ಹಾಕ್ಬೇಡಿ, ಸದ್ದಿಲ್ಲದೆ ಹಿಂದೆ ಸರೀರಿ.