ಕಾಮಣಿ, ನೆಲನೆಲ್ಲಿ ಮತ್ತು ಡಾ. ಬ್ಲೂಂಬರ್ಗ್

ನಮ್ಮ ಭಾಗದಲ್ಲಿ ಕಣ್ಣು, ಉಗುರು ಹಳದಿಯಾದರೆ ‘ಕಾಮಣಿ ಆಗೇತಿ’ ಎನ್ನುತ್ತಾರೆ. ಯಾವ ಊರಲ್ಲಿ ಔಷಧ ಕೊಡುತ್ತಾರೆ, ಪಥ್ಯ ಎಷ್ಟು ದಿನ ಎಂಬುದು ಹಿರಿಯರಿಗೆ ಬಾಯಿಪಾಠ. ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ ಬೆಳೆಯುವ ನೆಲನೆಲ್ಲಿ ಇಂಥ ಔಷಧಗಳಲ್ಲಿ ಹೆಸರಾದದ್ದು. ಈ ಪುಟ್ಟ ಗಿಡವನ್ನು ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ಪರೀಕ್ಷೆಗೆ ಒಡ್ಡಿದ್ದರು ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ.

ಅವರೇ ಅಮೆರಿಕದ ಡಾ. ಬರೂಕ್ ಬ್ಲೂಂಬರ್ಗ್. 1925ರ ಜುಲೈ 28ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದರು. ಒಂದೇ ರೋಗ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಏಕೆ? ಇದು ಅವರ ಪ್ರಶ್ನೆಯಾಗಿತ್ತು. ಉತ್ತರಕ್ಕಾಗಿ ದೇಶದೇಶಗಳ ಜನರ ರಕ್ತದ ಮಾದರಿಗಳನ್ನು ಕೂಡಿಸಿ ಹೋಲಿಸಿದರು. 1963ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅದುವರೆಗೆ ಕಾಣದಿದ್ದ ಒಂದು ಪ್ರೋಟೀನು ಕಂಡಿತು. ಅದಕ್ಕೆ ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಎಂದು ಹೆಸರಿಟ್ಟರು. ಅದು ಏನೆಂದು ಆಗ ಅವರಿಗೂ ಗೊತ್ತಿರಲಿಲ್ಲ. 1967ರಲ್ಲಿ ಅವರ ಪ್ರಯೋಗಾಲಯದ ತಂತ್ರಜ್ಞೆ ಬಾರ್ಬರಾ ವರ್ನರ್ ಅಸ್ವಸ್ಥರಾದರು. ಅವರು ತಮ್ಮ ರಕ್ತವನ್ನೇ ಪರೀಕ್ಷಿಸಿದಾಗ ಅದೇ ಆ್ಯಂಟಿಜೆನ್ ಕಂಡಿತು. ಅವರಿಗೆ ಆಗಿದ್ದುದು ಯಕೃತ್ತಿನ ಉರಿಯೂತ. ಆ್ಯಂಟಿಜೆನ್ ಎಂಬುದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಭಾಗವೆಂದು ಮುಂದೆ ಖಚಿತವಾಯಿತು.

ಇದರಿಂದ ಎರಡು ದೊಡ್ಡ ಉಪಕಾರಗಳಾದವು. ದಾನಿಗಳ ರಕ್ತವನ್ನು ಮೊದಲೇ ಪರೀಕ್ಷಿಸಿ ಸೋಂಕಿನ ರಕ್ತವನ್ನು ಬೇರ್ಪಡಿಸುವುದು ಸಾಧ್ಯವಾಯಿತು. 1969ರಲ್ಲಿ ಬ್ಲೂಂಬರ್ಗ್ ಮತ್ತು ಇರ್ವಿಂಗ್ ಮಿಲ್ಮನ್ ಲಸಿಕೆ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಈ ವೈರಸ್ ವರ್ಷಗಟ್ಟಲೆ ಒಳಗೇ ಇದ್ದು ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಆದ್ದರಿಂದ ಈ ಲಸಿಕೆ ಒಂದು ಬಗೆಯ ಕ್ಯಾನ್ಸರನ್ನೂ ತಡೆಯುತ್ತದೆ. 1976ರಲ್ಲಿ ಬ್ಲೂಂಬರ್ಗ್ ಅವರಿಗೆ ವೈದ್ಯಕೀಯದ ನೊಬೆಲ್ ಬಂದಿತು.

ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಲಸಿಕೆ ರೋಗ ಬಾರದಂತೆ ತಡೆಯುತ್ತದೆ. ಆದರೆ ಈಗಾಗಲೇ ಸೋಂಕು ತಗುಲಿದವರ ಗತಿಯೇನು? ಅದಕ್ಕಾಗಿ ಅವರು ನಾಡಮದ್ದುಗಳ ಕಡೆ ನೋಡಿದರು. 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಗೆ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಿದ್ದರು. ಮದ್ರಾಸ್ ವಿಶ್ವವಿದ್ಯಾಲಯದ ಡಾ. ಎಸ್. ಪಿ. ತ್ಯಾಗರಾಜನ್ ಅವರೊಂದಿಗೆ ಸೇರಿ ನೆಲನೆಲ್ಲಿಯನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಒಂದು ತಿಂಗಳು ಗಿಡದ ಪುಡಿ, ಉಳಿದವರಿಗೆ ಔಷಧವಿಲ್ಲದ ಪುಡಿ. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂದಿತು. ಗಿಡದ ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ಆ್ಯಂಟಿಜೆನ್ ಮಾಯವಾಗಿತ್ತು. ಔಷಧವಿಲ್ಲದ ಪುಡಿ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಜಗತ್ತೇ ನಮ್ಮ ಬದುವಿನ ಗಿಡದತ್ತ ನೋಡಿತು.

ಆದರೆ ಥಾಯ್ಲೆಂಡ್ ಮೊದಲಾದ ಕಡೆ ಇದೇ ಪರೀಕ್ಷೆ ಮಾಡಿದಾಗ ಅಂಥ ಫಲ ಸಿಗಲಿಲ್ಲ. ಮುಂದೆ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ತೂಗಿದವರು ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವಾಸಿಯಾಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದರು. ನೊಬೆಲ್ ವಿಜೇತರ ಹೆಸರಿದ್ದರೂ ವಿಜ್ಞಾನ ರಿಯಾಯಿತಿ ಕೊಡಲಿಲ್ಲ.

ಹಾಗಾದರೆ ಊರೂರಲ್ಲಿ ಕಾಮಣಿ ವಾಸಿಯಾಗುವುದು ಹೇಗೆ? ಕಾಮಣಿ ಒಂದು ರೋಗವಲ್ಲ, ಹಲವು ರೋಗಗಳ ಚಿಹ್ನೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಆ ಹೊತ್ತಿಗೆ ಯಾವ ಔಷಧ ತಿಂದಿರುತ್ತೇವೋ ಹೆಸರು ಅದಕ್ಕೆ ಬರುತ್ತದೆ. ಆದರೆ ಇ ಬಗೆಯದು ಗರ್ಭಿಣಿಯರ ಪ್ರಾಣಕ್ಕೇ ಅಪಾಯ ತರಬಹುದು. ಬಿ ಬಗೆಯದು ರಕ್ತ, ಶುದ್ಧವಲ್ಲದ ಸೂಜಿ, ಲೈಂಗಿಕ ಸಂಪರ್ಕದಿಂದ ಮತ್ತು ತಾಯಿಯಿಂದ ಮಗುವಿಗೆ ಹರಡುತ್ತದೆ. ಹೆರಿಗೆಯ ವೇಳೆ ಸೋಂಕು ತಗುಲಿದ ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತಕ್ಕೆ ಅದು ಬಹುಕಾಲ ಉಳಿದುಬಿಡುತ್ತದೆ. ಕಣ್ಣಿನ ಹಳದಿ ಹೋಯಿತೆಂದು ರಕ್ತಪರೀಕ್ಷೆ ಬಿಟ್ಟರೆ ಅದು ಗೊತ್ತಾಗುವುದೇ ಇಲ್ಲ.

1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಈ ಲಸಿಕೆಯನ್ನು ನಮ್ಮ ದೇಶದಲ್ಲೇ ತಯಾರಿಸಿ ಅಗ್ಗ ಮಾಡಿತು. ಈಗ ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ 24 ಗಂಟೆಯೊಳಗೆ ಮೊದಲ ಡೋಸ್ ಉಚಿತ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆಗಳೂ ಉಚಿತ. ಬ್ಲೂಂಬರ್ಗ್ ಹುಟ್ಟಿದ ಆ ದಿನವೇ ವಿಶ್ವ ಹೆಪಟೈಟಿಸ್ ದಿನ. ಅವರು 2011ರಲ್ಲಿ ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳು ಈ ಇತಿಹಾಸದಿಂದ ಹಿರಿಯರ ಔಷಧವನ್ನು ಹೀಗಳೆಯುವುದನ್ನು ಕಲಿಯಬೇಕಾಗಿಲ್ಲ. ಬ್ಲೂಂಬರ್ಗ್ ಅದನ್ನು ಗೌರವದಿಂದಲೇ ಎತ್ತಿಕೊಂಡರು, ಗೌರವದಿಂದಲೇ ಪರೀಕ್ಷಿಸಿದರು. ಮನೆಯಲ್ಲಿ ಯಾರಿಗಾದರೂ ಕಾಮಣಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸೋಣ ಎಂದು ಹೇಳುವ ಧೈರ್ಯ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಬಂದರೆ ಸಾಕು. ವಿಜ್ಞಾನದ ಪಾಠ ಊರಿಗೆ ಮುಟ್ಟಿದಂತೆ.